ಸಕ್ರಿಬಾಯಿ ವೇದಿಕೆಯ ಮೇಲೆ ಅತ್ತದ್ದು

ಆ ಮುಂಜಾನೆ ಸಕ್ರಿಬಾಯಿ ಬಡಿದ ರೊಟ್ಟಿಗಳಲ್ಲಿ ಒಂದೂ ನೆಟ್ಟಗಾಗಲಿಲ್ಲ. ಒಂದರ ಅಂಚು ಒಡೆಯಿತು, ಇನ್ನೊಂದಕ್ಕೆ ನಡುವೆಯೇ ತೂತು ಬಿತ್ತು, ಹಂಚಿನ ಮೇಲೆ ಹಾಕಿದ್ದನ್ನು ತಿರುವಲು ಮರೆತು ಕರಕಲು ಮಾಡಿದಳು. ಪುಣೆಯ ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದ್ದ ಆ ಖಾನಾವಳಿಯ ಒಡತಿ ಪಾರವ್ವ ಹೊಗೆ ನೋಡಿ ಒಳಗೆ ಬಂದಳು. ಬೇರೆ ದಿನವಾಗಿದ್ದರೆ ಸೊಂಟಕ್ಕೆ ಕೈಕೊಟ್ಟು ನಿಂತು ಬೈಗುಳದ ಮಳೆ ಸುರಿಸುತ್ತಿದ್ದಳು. ಅವತ್ತು ಬೈಯಲಿಲ್ಲ.

“ಏಳ ಸಕ್ರಿ, ನಾ ಬಡೀತೀನಿ. ನೀ ಇನ್ನೊಮ್ಮೆ ಪೊಲೀಸ್ ಚೌಕಿಗೆ ಹೋಗಿ ಕೇಳಿ ಬಾ.”

“ಕೇಳಿ ಬಂದೀನ್ರಿ ಅವ್ವಾರ. ಅವನ್ನೂ ಬಿಟ್ಟೀವಿ, ಊರಿಗೆ ಓಡಿ ಹೋಗಿರಬೇಕು ಅಂತಾರ. ಬಿಟ್ಟಿದ್ರ ನನ್ನ ಮಗ ಎಲ್ಲಿ ಅದಾನ್ರಿ?”

ಪಾರವ್ವ ಸೆರಗಿನಿಂದ ಹಿಟ್ಟಿನ ಧೂಳು ಒರೆಸಿ ಸಕ್ರಿಬಾಯಿಯ ಜಾಗದಲ್ಲಿ ತಾನೇ ಕೂತಳು.

ಆದದ್ದು ಇಷ್ಟು. ಪುಣೆಯ ಹೊರಗಿನ ಚಾಕಣದಲ್ಲಿ ಹೊಸ ಹೊಸ ಮೋಟಾರು ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ಶಿವಾಜಿನಗರದ ರೈಲು ಹಳಿಯ ಪಕ್ಕದ ಜೋಪಡಿಗಳಲ್ಲಿದ್ದ ಲಮಾಣಿ ಗಂಡಸರು ದಿನಾ ಟ್ರಕ್ಕಿನಲ್ಲಿ ನಿಂತು ಅಲ್ಲಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಒಂದು ಕಟ್ಟಡದಲ್ಲಿ ತಾಮ್ರದ ತಂತಿ ಕಳುವಾಯಿತು. ಯಾರು ಕದ್ದರೋ ದೇವರಿಗೇ ಗೊತ್ತು. ಬೆಳಕು ಹರಿಯುವಾಗ ಪೊಲೀಸರ ಗಾಡಿ ಬಂದು ನಿಂತದ್ದು ಮಾತ್ರ ಲಮಾಣಿಗರ ಜೋಪಡಿಗಳ ಮುಂದೆ. ಒಲೆಗಳನ್ನು ಒದ್ದರು, ಹಿಟ್ಟಿನ ಡಬ್ಬಿ ಕೆಸರಿಗೆ ಸುರಿದರು, ಅಡ್ಡ ಬಂದ ಹೆಂಗಸರ ಜಡೆ ಹಿಡಿದು ಎಳೆದರು. ಗಂಡಸರೆಲ್ಲ ತಲೆ ತಗ್ಗಿಸಿಕೊಂಡು ಗಾಡಿ ಹತ್ತಿದರು. ಸಕ್ರಿಬಾಯಿಯ ಮಗ ಥಾವರು ಒಬ್ಬನೇ ನಿಂತ ಜಾಗದಲ್ಲೇ ನಿಂತು, “ಆಮ್ಹೀ ಕಾಯ ಕೇಲಂ, ಸಾಹೇಬ?” ಎಂದು ಮರಾಠಿಯಲ್ಲಿ ಕೇಳಿದ. ನಾವೇನು ಮಾಡಿದೆವು ಎಂದಷ್ಟೇ. ಅವನ ಮರಾಠಿ ಅಲ್ಲಿ ಹುಟ್ಟಿದವರ ಮರಾಠಿಯ ಹಾಗೇ ಇತ್ತು. ಅದೇ ಅವರಿಗೆ ಸೊಕ್ಕಿನಂತೆ ಕೇಳಿಸಿತು.

ಮಾರನೆಯ ಸಂಜೆ ಗಂಡಸರು ಕುಂಟುತ್ತ ವಾಪಸು ಬಂದರು. ಅಂಗಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಥಾವರು ಬರಲಿಲ್ಲ. ಚೌಕಿಯಲ್ಲಿ ಅವನನ್ನು ಬೇರೆ ಕೋಣೆಗೆ ಎಳೆದೊಯ್ದರು, ಸ್ವಲ್ಪ ಹೊತ್ತು ದನಿ ಕೇಳಿಸಿತು, ಆಮೇಲೆ ಕೇಳಿಸಲಿಲ್ಲ, ಎಂದಷ್ಟೇ ಹೇಳಿದರು. ‘ಆಮೇಲೆ ಕೇಳಿಸಲಿಲ್ಲ’ ಎನ್ನುವುದು ಸಕ್ರಿಬಾಯಿಯ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದು ನಿಂತಿತು. ಊರ ಕಡೆ ಉಳಿದಿದ್ದ ನೆಂಟರಿಗೆ ಬೂತಿನಿಂದ ಫೋನ್ ಮಾಡಿಸಿದಳು. ಅಲ್ಲಿಗೂ ಅವನು ಹೋಗಿರಲಿಲ್ಲ.

ಊರ ಕಡೆ ಎಂದರೆ ಬಿಜಾಪುರ ಜಿಲ್ಲೆಯ ಕೃಷ್ಣೆಯ ದಂಡೆ. ಸಕ್ರಿಬಾಯಿ ಹುಟ್ಟಿದ ತಾಂಡಾ ಅಲ್ಲಿ ಈಗ ನೀರಿನ ಕೆಳಗಿದೆ. ತೊಂಬತ್ತರ ದಶಕದ ಕೊನೆಗೆ ಒಡ್ಡಿನ ಹಿನ್ನೀರು ಬಂದಾಗ ಸುತ್ತಲಿನ ಊರುಗಳನ್ನು ಅಳೆದರು, ಮನೆಗಳಿಗೆ ಸುಣ್ಣದ ಗುರುತು ಹಾಕಿದರು. ತಾಂಡಾದ ಹತ್ತಿರ ಬಂದವರು ಟೇಪು ಸುತ್ತಿಟ್ಟುಕೊಂಡರು. ಇದು ಸರಕಾರದ ಬಯಲು, ಇಲ್ಲಿ ಊರೇ ಇಲ್ಲ ಎಂದರು. ಸಕ್ರಿಬಾಯಿ ತನ್ನ ಹೊಸ್ತಿಲ ಮೇಲೆ ನಿಂತುಕೊಂಡೇ ಆ ಮಾತು ಕೇಳಿದಳು. ಹಿಂದೆ ಒಲೆಯ ಮೇಲೆ ಸಾರು ಕುದಿಯುತ್ತಿತ್ತು.

ನೀರು ತುಂಬಿದ ವರ್ಷ ದೊಡ್ಡ ಪುಢಾರಿಗಳು ಬಾಗಿನ ಬಿಡಲು ಬಂದರು. ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ಹಸಿರು ಕಣ. ತಾಂಡಾದ ಹಿರಿಯ ನಾಯಕ ಪೇಟ ಕೈಯಲ್ಲಿ ಹಿಡಿದು, “ಸಾಹೇಬ್ರ, ನಮ್ಮ ಮನಿ ಇದರ ಬುಡಕs ಅದಾವ್ರಿ!” ಎಂದು ದಂಡೆಯಿಂದ ಕೂಗಿದ. ಕೂಗು ಮುಟ್ಟಲಿಲ್ಲವೆನ್ನಲು ಅವರೇನು ದೂರ ಇರಲಿಲ್ಲ. ಒಬ್ಬರು ಕೊರಳು ಹೊರಳಿಸಿ ನೋಡಿದರು, ಮತ್ತೆ ಫೋಟೋದವನ ಕಡೆ ತಿರುಗಿ ನಕ್ಕರು. ಬಾಗಿನದ ಮೊರ ತೇಲುತ್ತ ಸಕ್ರಿಬಾಯಿಯ ಹೊಸ್ತಿಲು ಇದ್ದ ಜಾಗದ ಮೇಲೆ ಹಾದು ಹೋಯಿತು.

ಗಂಡ ಲಚ್ಚು, ಮಗ ಥಾವರು, ಬಟ್ಟೆಯ ಒಂದು ಟ್ರಂಕು, ಇವಿಷ್ಟರೊಂದಿಗೆ ಅವಳು ಪುಣೆಗೆ ಬಂದಳು. ಬಂದ ಸ್ವಲ್ಪ ಕಾಲಕ್ಕೇ ಲಚ್ಚು ಸ್ಲ್ಯಾಬಿನ ಮೇಲಿಂದ ಜಾರಿ ಬಿದ್ದು ತೀರಿಕೊಂಡ. ಅವಳು ಕಟ್ಟಡಗಳಲ್ಲಿ ಖಡಿಕಲ್ಲು ಹೊತ್ತಳು, ಮಗನನ್ನು ಬೆಳೆಸಿದಳು. ಮೊಣಕಾಲು ಸೋತ ಮೇಲೆ ಪಾರವ್ವನ ಖಾನಾವಳಿ ಸೇರಿದಳು. ಧಾರವಾಡದ ಕಡೆಯ ಕಾರಕೂನನೊಬ್ಬ ಒಮ್ಮೆ ತಾಟು ಸರಿಸಿ, “ಲಮಾಣ್ಯಾಕಿ ಬಡದ ರೊಟ್ಟಿ ಏನ್ರಿ ಇದು?” ಎಂದು ಮೂಗು ಮುರಿದಾಗ ಪಾರವ್ವ, “ಹೌದ್ರಿಪಾ. ಎದುರಿಗೆ ಉಡುಪಿ ಹೋಟೆಲ್ಲ ಅದ. ಹೋಗಿ ಇಡ್ಲಿ ನುಂಗ್ರಿ, ಹಲ್ಲಿಗೂ ತ್ರಾಸಿಲ್ಲ” ಎಂದಿದ್ದಳು. ಕಾರಕೂನ ತಾಟು ಮತ್ತೆ ಹತ್ತಿರ ಎಳೆದುಕೊಂಡಿದ್ದ.

ಈಗ ಆ ಮಗನಿಗಾಗಿ ಸಕ್ರಿಬಾಯಿ ಬಾಗಿಲಿಂದ ಬಾಗಿಲಿಗೆ ತಿರುಗಿದಳು. ಕೆಲಸಕ್ಕೆ ಆಳು ಒಯ್ಯುವ ಮುಕಾದಮ ಸಿದ್ರಾಮಪ್ಪ, “ಸುಮ್ನ ಇರಬೇ. ನೀ ಬಾಯಿ ಮಾಡಿದ್ರ ಉಳದವ್ರಿಗೂ ಕೆಲಸ ಇಲ್ಲದಂಗ ಆಕ್ಕೈತಿ” ಎಂದ. ವಾರ್ಡಿನ ನಗರಸೇವಕ ಹೋದ ಇಲೆಕ್ಷನ್ನಿನಲ್ಲಿ ಇದೇ ಜೋಪಡಿಗಳವರನ್ನು ಟ್ರಕ್ಕಿನಲ್ಲಿ ತುಂಬಿ ಸಭೆಗೆ ಒಯ್ದಿದ್ದ. ಅವನು ಅರ್ಧ ಮಾತು ಕೇಳಿ, “ಬಘತೋ, ಬಾಯಿ, ಬಘತೋ” ಎಂದ. ನೋಡುತ್ತೇನೆ ಎಂದರ್ಥ. ಎರಡನೆಯ ಸಲ ಹೋದಾಗ ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು ಅವನ ಹುಡುಗರು. ಒಳಗೆ ಟಿವಿಯಲ್ಲಿ ಕ್ರಿಕೆಟ್ಟು ನಡೆದಿತ್ತು, ಸಾಹೇಬರ ನಗೆ ಹೊರಗಿನವರೆಗೂ ಕೇಳಿಸುತ್ತಿತ್ತು. ಎದುರು ಪಕ್ಷದವನು ನಿಮ್ಮ ಓಟು ಇಲ್ಲಿದೆಯೋ ನಿಮ್ಮೂರಲ್ಲಿದೆಯೋ ಎಂದು ಕೇಳಿದ. ಎಲ್ಲಿಯೂ ಇಲ್ಲವೆಂದು ತಿಳಿದ ಮೇಲೆ ಚಹಾ ಕುಡಿಸಿ ಕಳಿಸಿದ. ಊರ ಕಡೆಯ ಶಾಸಕರ ಮನೆಗೆ ಫೋನ್ ಹಚ್ಚಿಸಿದರೆ, “ಅದು ಮಹಾರಾಷ್ಟ್ರದ್ದು, ನಾವು ಹ್ಯಾಂಗ ಮಾತಾಡೂದು?” ಎಂಬ ಉತ್ತರ ಬಂತು. ಯಾರೂ ಅವಳನ್ನು ಬೈಯಲಿಲ್ಲ, ಓಡಿಸಲಿಲ್ಲ. ಚೌಕಿಗೆ ಒಂದು ಫೋನ್ ಮಾಡಿ ‘ಆ ಹುಡುಗ ಎಲ್ಲಿ’ ಎಂದು ಕೇಳುವವರು ಮಾತ್ರ ಒಬ್ಬರೂ ಸಿಗಲಿಲ್ಲ.

ಹೀಗಿರುವಾಗ ಅಪ್ಪಾಸಾಹೇಬ ಖಾನಾವಳಿಗೆ ಬಂದ. ಅಪ್ಪಾಸಾಹೇಬನೆಂದರೆ ಬಟ್ಟೆ ವ್ಯಾಪಾರಿ, ಅಲ್ಲಿಯ ಕನ್ನಡಿಗರ ಸಂಘವೊಂದರ ಅಧ್ಯಕ್ಷ. ಮಾತಾಡುವಾಗ ಪ್ರತಿ ಮಾತಿಗೂ ಅಂಗಿಯ ಕಾಲರು ಸರಿಪಡಿಸಿಕೊಳ್ಳುವ ಮನುಷ್ಯ.

“ಪಾರವ್ವ, ಈ ಐತವಾರ ನಮ್ಮ ಸಂಘಕ್ಕ ಕರ್ನಾಟಕದ ಶಾಸಕಿ ಕೃಷ್ಣಾಬಾಯಿಯವರು ಬರಾಕತ್ತಾರ. ಲಮಾಣಿಯವ್ರು, ತಾಂಡಾದಾಗs ಹುಟ್ಟಿ ಬೆಳದಾಕಿ. ಈ ಸಕ್ರಿಬಾಯಿ ಕಡೀ ಹೆಣ್ಮಕ್ಕಳು ಒಂದು ಕುಣಿತ ಕುಣದ್ರ ಸ್ವಾಗತಕ್ಕ ಭಾಳ ಶೋಭಾ ಬರ್ತದ.”

ಪಾರವ್ವನ ಕಣ್ಣು ಅರಳಿತು. “ಕುಣೀತಾರ್ರಿ ಸಾಹುಕಾರ್ರ. ಆದ್ರ ಸಕ್ರಿಗೆ ಬಾಯಾರ ಜೋಡಿ ಮಾತಾಡಾಕ ಬಿಡಬೇಕು.”

“ಮಾತಾ? ವೇದಿಕಿ ಮ್ಯಾಲೆ ಪೋಲೀಸು ಗೀಲೀಸು ಅಂತ ತಗೀಬ್ಯಾಡ್ರಿ ಮತ್ತ. ಇಲ್ಲಿಯ ನಗರಸೇವಕರನ್ನೂ ಕರದೀವಿ. ನಾವು ಮಂದೀ ಊರಾಗ ಇರೂ ಜನ. ಹಾರ ಹಾಕೂ ಮುಂದ ಹಳೂಕ ಕಿವ್ಯಾಗ ಹೇಳ್ಲಿ.”

“ಕಿವೀನs ಸಾಕು. ಬಾಯಿ ಅವರದು ಅದ ಅಲ್ಲ.”

ಅಪ್ಪಾಸಾಹೇಬ ಕಾಲರು ಸರಿಪಡಿಸಿಕೊಂಡು ಹೊರಟವನು ಬಾಗಿಲಲ್ಲಿ ನಿಂತು, “ಸೀರಿ ಉಟ್ಕೊಂಡು ಬರಬ್ಯಾಡ್ರಿ. ಕನ್ನಡೀ ಲಂಗ ಬೇಕು. ತಲೀಗೆ ಆ ಬೆಳ್ಳಿ ಗೊಂಡೇನೂ ಇರ್ಲಿ” ಎಂದ.

“ಗೊಂಡೇ ಗಂಡ ಇದ್ದಾಕಿ ಹಾಕೋತಾಳ್ರಿ,” ಎಂದಳು ಸಕ್ರಿಬಾಯಿ.

“ಯಾರಿಗೆ ತಿಳೀತದ, ಹಾಕ್ಕೊ.”

“ಬಾಯಾರಿಗೆ ತಿಳೀತದ್ರಿ.”

ಆ ಕನ್ನಡಿ ಲಂಗಗಳು ಟ್ರಂಕಿನ ತಳ ಸೇರಿ ವರ್ಷಗಳಾಗಿದ್ದವು. ಪುಣೆಗೆ ಬಂದ ಹೊಸದರಲ್ಲಿ ಹೆಂಗಸರು ಅವನ್ನೇ ಉಟ್ಟು ಓಡಾಡುತ್ತಿದ್ದರು. ಬಸ್ಸು ಹತ್ತಿದರೆ ಜನ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು, ಅಂಗಡಿಯವರು ಎದ್ದು ನಿಲ್ಲುತ್ತಿದ್ದರು, ಎಲ್ಲಿ ಏನು ಕಳೆದರೂ ಪೊಲೀಸರು ಮೊದಲು ಆ ಬಣ್ಣಗಳನ್ನು ಹುಡುಕಿಕೊಂಡು ಬರುತ್ತಿದ್ದರು. ಹಾಗಾಗಿ ಬೇವಿನ ಎಲೆ ಹಾಕಿ ಒಳಗಿಟ್ಟು, ಎಲ್ಲರ ಹಾಗೆ ಸೀರೆ ಉಟ್ಟಿದ್ದರು. ಈಗ ಅದೇ ಲಂಗ ಉಟ್ಟರೆ ಶೋಭೆಯಂತೆ.

“ಥಾವರು ಸುದ್ದಿನs ಇಲ್ಲ. ಹಿಂತಾದ್ರಾಗ ಕುಣಿಯೂದೇನ?” ಎಂದು ಜೊತೆಯ ಹೆಂಗಸೊಬ್ಬಳು ಟ್ರಂಕಿನ ಮುಂದೆ ಕೂತು ಕೇಳಿದಳು.

“ಕುಣಿಯೋಣು,” ಎಂದಳು ಸಕ್ರಿಬಾಯಿ. “ಆಕಿ ನಮ್ಮಾಕಿ. ಆಕಿ ಒಂದು ಫೋನ್ ಮಾಡಿದ್ರ ಸಾಕು.”

ಐತವಾರ ಮಧ್ಯಾಹ್ನ ಸಭಾಗೃಹ ತುಂಬಿತ್ತು. ಕೃಷ್ಣಾಬಾಯಿ ಗಂಜಿ ಹಾಕಿದ ಸೀರೆ ಉಟ್ಟು, ಚಿನ್ನದ ಗಡಿಯಾರ ಕಟ್ಟಿ, ನಡು ಕುರ್ಚಿಯಲ್ಲಿ ಕೂತಿದ್ದಳು. ಸಕ್ರಿಬಾಯಿ ದೂರದಿಂದಲೇ ಮೊದಲು ಅವಳ ಗಲ್ಲ ನೋಡಿದಳು. ಪೌಡರಿನ ಕೆಳಗೆ ಹಸಿರು ಹಚ್ಚೆಯ ಚುಕ್ಕಿಗಳಿದ್ದವು. ತಾಂಡಾದಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಹಾಕುವ ಹಚ್ಚೆ. ಸಕ್ರಿಬಾಯಿಗೆ ಎಷ್ಟೋ ದಿನಗಳ ಮೇಲೆ ಉಸಿರು ಸಲೀಸಾಯಿತು.

ಹೆಂಗಸರು ಕುಣಿದರು. ಕುಣಿಯುವಾಗ ಸಕ್ರಿಬಾಯಿ ಹೇಳಬೇಕಾದ ಮಾತನ್ನು ಹಲ್ಲಿನ ಸಂದಿಯಲ್ಲಿ ಹಿಡಿದಿಟ್ಟುಕೊಂಡಿದ್ದಳು. ಮಗನ ಹೆಸರು ಥಾವರು. ಈ ಚೌಕಿಯವರು ಒಯ್ದರು. ಬಿಟ್ಟೆವು ಎನ್ನುತ್ತಾರೆ, ಬಂದಿಲ್ಲ. ಒಂದು ಫೋನು ಮಾಡಿರಿ. ಕುಣಿತ ಮುಗಿಯಿತು. ಹಾರ ಹಿಡಿದು ಮೆಟ್ಟಿಲು ಹತ್ತಿದಳು, ಕೊರಳಿಗೆ ಹಾಕಿದಳು, ಕಿವಿಯ ಕಡೆ ಬಾಗಿದಳು. ಅಷ್ಟರಲ್ಲಿ ಕೃಷ್ಣಾಬಾಯಿಯೇ ಮೆಲ್ಲಗೆ, ತಾಂಡಾದ ಮಾತಿನಲ್ಲಿ, ಯಾವ ತಾಂಡಾದವಳೇ ನೀನು ಎಂದು ಕೇಳಿಬಿಟ್ಟಳು.

ಆ ಮಾತು ಕಿವಿಗೆ ಬಿದ್ದದ್ದೇ ತಡ, ಹಲ್ಲಿನ ಸಂದಿಯ ಮಾತೆಲ್ಲ ಹಾರಿಹೋಯಿತು. ಸಕ್ರಿಬಾಯಿ ಎರಡೂ ತೋಳು ಚಾಚಿ ಕೃಷ್ಣಾಬಾಯಿಯ ಕೊರಳಿಗೆ ಬಿದ್ದಳು. ಹೆಗಲ ಮೇಲೆ ತಲೆಯಿಟ್ಟು, “ಯಾಡಿಯೇ…” ಎಂದು ಅವ್ವನನ್ನು ಕರೆದು ರಾಗ ಎಳೆದು ಅತ್ತಳು.

ಲಮಾಣಿ ಹೆಂಗಸರಿಗೆ ಇದು ಹೊಸದಲ್ಲ. ದೂರದ ಬಳಗದವರು ಬಹಳ ಕಾಲದ ಮೇಲೆ ಸಿಕ್ಕರೆ ಹೀಗೇ ಕೊರಳಿಗೆ ಕೊರಳು ಹಚ್ಚಿ ಅಳುತ್ತಾರೆ. ಹುಟ್ಟಿದವರು, ಸತ್ತವರು, ಆದ ಅನ್ಯಾಯ, ಉಂಡ ದುಃಖ ಎಲ್ಲ ಆ ರಾಗದಲ್ಲೇ ಬರುತ್ತದೆ. ಒಬ್ಬಳು ಅತ್ತು ನಿಲ್ಲಿಸಿದಲ್ಲಿ ಇನ್ನೊಬ್ಬಳು ಅದೇ ರಾಗದಲ್ಲಿ ಉತ್ತರ ಕೊಡಬೇಕು. ನಿನ್ನ ಸಂಕಟ ಕೇಳಿದೆ, ನಾನಿದ್ದೇನೆ ಎಂದು. ಉತ್ತರ ಬರದ ಅಳು ಒಂದೇ ಒಂದು ಕಡೆ ಇರುತ್ತದೆ, ಹೆಣದ ಮುಂದೆ.

ಸಕ್ರಿಬಾಯಿ ಅತ್ತಳು. ಹೊಸ್ತಿಲು ನೀರಾಯಿತೇ ಯಾಡಿ, ಗಂಡ ಗಾರೆಯಲ್ಲಿ ಬಿದ್ದನೇ ಯಾಡಿ, ಇದ್ದೊಬ್ಬ ಮಗ ನನ್ನ ಥಾವರನ್ನು ಒಯ್ದರೇ ಯಾಡಿ, ಬದುಕಿದ್ದಾನೋ ಇಲ್ಲವೋ ಹೇಳುವವರಿಲ್ಲವೇ ಯಾಡಿ, ನೀನು ಕೇಳೇ, ನೀನು ಕೇಳೇ. ಕೃಷ್ಣಾಬಾಯಿಯ ಮೈ ನಡುಗಿದ್ದು ಸಕ್ರಿಬಾಯಿಯ ಎದೆಗೆ ತಾಗಿತು. ಅವಳ ಕೈ ತಾನೇ ತಾನಾಗಿ ಸಕ್ರಿಬಾಯಿಯ ಬೆನ್ನಿಗೆ ಬಂದು ರಾಗಕ್ಕೆ ಸರಿಯಾಗಿ ತಟ್ಟತೊಡಗಿತು. ಸಕ್ರಿಬಾಯಿ ಉಸಿರಿಗೆ ನಿಂತಾಗ ಕೃಷ್ಣಾಬಾಯಿಯ ಗಂಟಲಿನಿಂದ, “ಯಾಡಿ…” ಎಂದು ಎಳೆ ದನಿ ಹೊರಟಿತು.

ಅಪ್ಪಾಸಾಹೇಬ ಮೈಕು ತಂದು ಇಬ್ಬರ ನಡುವೆ ಹಿಡಿದ. “ನೋಡ್ರಿ ಬಂಧುಗಳೇ, ಲಮಾಣಿ ಜಾನಪದ ಎಷ್ಟು ಇಂಪು ಅದ!”

ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಬಿಳಿ ಬಟ್ಟೆಯ ನಗರಸೇವಕನೂ ತಟ್ಟಿದ. ಕೃಷ್ಣಾಬಾಯಿ ಅವನ ಕಡೆ ನೋಡಿದಳು. ಬೆನ್ನಿನ ಮೇಲಿನ ಕೈ ನಿಂತಿತು, ಎದ್ದ ದನಿ ಉತ್ತರವಾಗುವ ಮೊದಲೇ ಕಡಿಯಿತು. ಅವಳು ಸಕ್ರಿಬಾಯಿಯ ತೋಳುಗಳನ್ನು ಮೆತ್ತಗೆ ಬಿಡಿಸಿ, ಸೆರಗು ಸರಿಪಡಿಸಿಕೊಂಡು ಮೈಕು ಕೈಗೆ ತೆಗೆದುಕೊಂಡಳು. ನಮ್ಮ ಸಂಸ್ಕೃತಿ ದೊಡ್ಡದು, ಪುಣೆಗೆ ಬಂದರೂ ನಮ್ಮ ತಾಯಂದಿರು ಹಾಡು ಮರೆತಿಲ್ಲ, ಈ ಊರಿನವರು ಎಲ್ಲರನ್ನೂ ಮಡಿಲಲ್ಲಿಟ್ಟುಕೊಂಡಿದ್ದಾರೆ ಎಂದಳು. ಬಹಳ ಹೊತ್ತು ಮಾತಾಡಿದಳು. ಸಕ್ರಿಬಾಯಿ ಮೂಲೆಯಲ್ಲಿ ನಿಂತು ಒಂದು ಹೆಸರಿಗಾಗಿ ಕಾದಳು. ಆ ಹೆಸರು ಬರಲಿಲ್ಲ.

ಹೊರಗೆ ಕಾರಿನ ಹತ್ತಿರ ಪಾರವ್ವ ಮೊದಲೇ ಹೋಗಿ ಅಡ್ಡ ನಿಂತಿದ್ದಳು. “ಬಾಯಾರ, ಒಂದು ಮಾತ್ರಿ. ಈಕಿ ಮಗ…”

ಕೃಷ್ಣಾಬಾಯಿ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದಳು. ಸಕ್ರಿಬಾಯಿಯ ಮುಖ ನೋಡಲಿಲ್ಲ. ಗಾಜು ಏರಿತು, ಕಾರು ಹೊರಟಿತು.

“ಓಟು ಬೇಡೂ ಮುಂದ ಇವರ ಬಾಯಿ ಕಿವೀ ತನಾ ಹರೀತದ,” ಎಂದು ಪಾರವ್ವ ಕಾರಿನ ಹಿಂದೆ ಮಣ್ಣು ತೂರಿದಳು. “ಈಗ ಏನ್ ಬಿತ್ತು ಆ ಬಾಯಿಗೆ?”

ಸಕ್ರಿಬಾಯಿಗೆ ಸಿಟ್ಟು ಬಂದಿರಲಿಲ್ಲ. ಅವಳು ಪಾರವ್ವನ ಸೆರಗು ಹಿಡಿದಳು. “ಅವ್ವಾರ, ಆಕಿ ತಿರುಗಿ ಅಳಲಿಲ್ರಿ.”

“ಅಳಲಿಲ್ಲಂದ್ರ ಏನಾತು?”

“ಮಗನ ಹೆಸರು ತಗದು ಅತ್ತೆ. ಯಾರೂ ತಿರುಗಿ ದನಿ ಕೊಡಲಿಲ್ಲ. ಹೆಣಾ ಹಾಕ್ಕೊಂಡು ಅತ್ತಂಗ ಆತಲ್ರೀ. ನಾನs ಅವನ್ನ…”

ಪಾರವ್ವನಿಗೆ ಪೂರ್ತಿ ತಿಳಿಯಲಿಲ್ಲ, ಆದರೆ ಆ ಮುಖ ನೋಡಿ ಅವಳಿಗೂ ಹೆದರಿಕೆಯಾಯಿತು. “ಹುಚ್ಚೀ, ಹಂಗೆಲ್ಲ ಅನಬಾರ್ದು” ಎನ್ನುವುದರೊಳಗೆ ಸಕ್ರಿಬಾಯಿ ರಸ್ತೆ ಹಿಡಿದಿದ್ದಳು.

ಸಂಜೆಯ ಶಿವಾಜಿನಗರ. ರಿಕ್ಷಾ, ಬಸ್ಸು, ತಳ್ಳುಗಾಡಿ, ಮನೆಗೆ ಹೊರಟ ಜನ. ಆ ನಡುವೆ ಕನ್ನಡಿ ಲಂಗದ ಹೆಂಗಸೊಬ್ಬಳು ಬರಿಗಾಲಲ್ಲಿ ದಡದಡ ನಡೆಯುತ್ತಿದ್ದಳು. ಜನ ಜೇಬು ಮುಟ್ಟಿಕೊಂಡು ದಾರಿ ಬಿಟ್ಟರು. ಹಿಂದೆ ಪಾರವ್ವ ಏದುಸಿರು ಬಿಡುತ್ತ, ಅವಳ ಹಿಂದೆ ಕುಣಿದ ಉಳಿದ ಹೆಂಗಸರು.

ಚೌಕಿಯ ಮುಂಬಾಗಿಲಿಗೆ ಸಕ್ರಿಬಾಯಿ ಹೋಗಲಿಲ್ಲ. ಅಲ್ಲಿ ಸಿಗುವ ಉತ್ತರ ಅವಳಿಗೆ ಬಾಯಿಪಾಠವಾಗಿತ್ತು. ಪಕ್ಕದ ಸಂದಿಯಿಂದ ಹಿಂದಕ್ಕೆ ಹೋದಳು. ಅಲ್ಲಿ ತುಕ್ಕು ಹಿಡಿದ ಮೋಟಾರ್ ಸೈಕಲ್ಲುಗಳು ಒಂದರ ಮೇಲೊಂದು ಬಿದ್ದಿದ್ದವು. ಅದರಾಚೆ ಗೋಡೆ, ಗೋಡೆಯ ಮೇಲ್ಭಾಗದಲ್ಲಿ ಸರಳು ಹಾಕಿದ ಸಣ್ಣ ಬೆಳಕಿಂಡಿ. ಗೋಡೆಗೆ ಎರಡೂ ಅಂಗೈ ಹಚ್ಚಿ ನಿಂತಳು. ಅಪ್ಪಿಕೊಳ್ಳಲು ಬೇರೆ ಕೊರಳಿರಲಿಲ್ಲ.

ಥಾವರು, ನಿನ್ನ ಅವ್ವ ಬಂದೀನಿ ಎಂದು ರಾಗ ಎಳೆದಳು. ದನಿ ಕೊಡು ಎಂದಳು. ಉಸಿರಿಗೆ ನಿಂತು ಆಲಿಸಿದಳು. ರಸ್ತೆಯ ಹಾರ್ನು ಬಿಟ್ಟರೆ ಏನೂ ಇಲ್ಲ. ಮತ್ತೆ ಎಳೆದಳು, ಮತ್ತೆ ಆಲಿಸಿದಳು.

ಮುಂದಿನಿಂದ ಒಬ್ಬ ಹವಾಲ್ದಾರ ಓಡಿ ಬಂದ. “ಏ ಬಾಯಿ! ಕಾಯ ತಮಾಶಾ ಲಾವಲಾಯ? ಚಲ ನೀಘ ಇಥೂನ!”

ಇಲ್ಲಿಂದ ನಡೆ ಎಂದ ಅವನಿಗೆ ಪಾರವ್ವ ಅಡ್ಡ ಬಂದು ಮರಾಠಿಯಲ್ಲೇ ಸವಾಲು ಹಾಕಿದಳು. “ರಡಾಯಲಾ ಸುದ್ಧಾ ಪರವಾನಗೀ ಲಾಗತೇ ಕಾ, ಹವಾಲ್ದಾರಸಾಹೇಬ?” ಅಳಲಿಕ್ಕೂ ಪರವಾನಗಿ ಬೇಕೇನು ಎಂದು.

“ತಿಚಾ ಮುಲಗಾ ಇಥಂ ನಾಹೀ!” ಎಂದು ಹವಾಲ್ದಾರ ಕೂಗಿದ. ಅವಳ ಮಗ ಇಲ್ಲಿಲ್ಲ.

“ನಾಹೀ ತರ ನಾಹೀ. ಗೋಡೀಗೆ ಅಳ್ತಾಳ, ನಿಮಗೇನ್ರಿ ತ್ರಾಸು?” ಇಲ್ಲವಾದರೆ ಇಲ್ಲ ಎಂದು ಹೊರಟ ಪಾರವ್ವನ ಮರಾಠಿ ಗಾಬರಿಯಲ್ಲಿ ಅರ್ಧಕ್ಕೇ ಕನ್ನಡವಾಯಿತು.

ಸಕ್ರಿಬಾಯಿ ಮೂರನೆಯ ಸಲ ರಾಗ ಎಳೆದಳು. ನಿಂತಳು.

ಒಳಗಿನಿಂದ ಏನೋ ಬಂತು. ಮೊದಲು ಅದು ದನಿಯೆಂದೇ ತಿಳಿಯಲಿಲ್ಲ, ಬಾಗಿಲ ಕೀಲು ಕಿರುಗುಟ್ಟಿದಂತಿತ್ತು. ತಾಂಡಾದಲ್ಲಿ ಗಂಡಸರು ಹೀಗೆ ರಾಗ ಎಳೆದು ಅಳುವುದಿಲ್ಲ. ಅತ್ತರೆ ಹೆಣ್ಣಿಗ ಎಂದು ಸಾಯುವವರೆಗೂ ನಗುತ್ತಾರೆ. ಥಾವರು ಹುಡುಗನಿದ್ದಾಗ ಅವ್ವನ ರಾಗ ಅಣಕಿಸಿ ಓಡುತ್ತಿದ್ದವನು. ಅದೇ ಥಾವರು ಈಗ ಒಡೆದ ಗಂಟಲಿನಲ್ಲಿ, ನೀರು ಕೇಳುವವನಂತೆ, “ಯಾಡಿಯೇ…” ಎಂದು ಎಳೆಯುತ್ತಿದ್ದ. ಇದೀನೇ ಯಾಡಿ. ಇಲ್ಲೇ ಇದೀನೇ.

ಹವಾಲ್ದಾರ ಒಂದು ಹೆಜ್ಜೆ ಹಿಂದೆ ಸರಿದ. ಸಂದಿಯ ಬಾಯಲ್ಲಿ ನಿಂತಿದ್ದ ರಿಕ್ಷಾದವರು, ವಡಾಪಾವ್ ಗಾಡಿಯವನು ಬೆಳಕಿಂಡಿಯ ಕಡೆ ಕತ್ತೆತ್ತಿದರು. ಪಾರವ್ವ ಹವಾಲ್ದಾರನ ತೋಳು ಹಿಡಿದು, “ಕೇಳಿಸ್ತಿಲ್ಲ? ಈಗ ಹೇಳ್ರಿ, ಕೋಣ ಆಹೇ ಆತ?” ಎಂದು ಒಳಗಿರುವವರು ಯಾರೆಂದು ಕೇಳುತ್ತಿದ್ದಳು.

ಸಕ್ರಿಬಾಯಿಗೆ ಅದಾವುದೂ ಕೇಳಿಸುತ್ತಿರಲಿಲ್ಲ. ಒಳಗೆ ಬಾಗಿಲೊಂದು ಧಡಾರನೆ ಬಡಿಯಿತು, ದನಿ ಕಡಿದುಹೋಯಿತು. ಅವಳು ಗೋಡೆಗೆ ಕಿವಿ ಒತ್ತಿ ಇನ್ನೂ ಜೋರಾಗಿ ಎಳೆದಳು. ಹಿಂದೆ ನಿಂತಿದ್ದ ಹೆಂಗಸರೂ ದನಿ ಕೂಡಿಸಿದರು. ಬಹಳ ಹೊತ್ತಾದ ಮೇಲೆ, ಮೊದಲಿಗಿಂತ ಕೆಳಗಿನಿಂದ, ನೆಲಕ್ಕೆ ಬಿದ್ದವನು ಎಳೆದಂತೆ ದನಿ ಮತ್ತೆ ಬಂತು.

ಅವಳು ನಿಲ್ಲಿಸಲಿಲ್ಲ. ತಾನು ಸುಮ್ಮನಾದರೆ ಅವನೂ ಸುಮ್ಮನಾದಾನು ಎಂಬ ಭಯಕ್ಕೆ ಒಂದು ಸಲ ಉಸಿರು ತೆಗೆದುಕೊಳ್ಳಲೂ ಅಂಜುತ್ತ ಸಕ್ರಿಬಾಯಿ ಅಳುತ್ತಲೇ ಇದ್ದಳು.